ಕರೆಯದಿದ್ದರೂ ಹೋಗುತ್ತಿದ್ದ ಅಕ್ಕೋರು

ಅಕ್ಕೋರ ಬಲಗೈ ತೋರುಬೆರಳು ಕೊಕ್ಕೆಯಂತೆ ಬಾಗಿತ್ತು. ಭೂಪಟದಲ್ಲಿ ಜಪಾನ್ ತೋರಿಸಲು ಹೋದರೆ ಬೆರಳು ಸಮುದ್ರದಲ್ಲಿ ಬೀಳುತ್ತಿತ್ತು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಸಿಂದಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಮಗೆ ಇತಿಹಾಸ ಕಲಿಸಿದವರು ಅವರು. ಹಿರೋಶಿಮಾದ ಪಾಠ ಬಂದ ದಿನ ಮಾತ್ರ ಓದು ಮುಗಿಸಿ, ಪುಸ್ತಕ ಮುಚ್ಚಿಸಿ, ಗಂಟೆ ಹೊಡೆಯುವವರೆಗೆ ನಮ್ಮನ್ನು ಸುಮ್ಮನೆ ಕೂರಿಸಿದ್ದರು.

ಅವರ ತವರು ದೇವಣಗಾಂವ. ಅಲ್ಲಿ ದಾಯಾದಿಗಳೊಡನೆ ಹೊಲದ ವ್ಯಾಜ್ಯ. ಮಾತು ನಿಂತು ವರ್ಷಗಳಾಗಿದ್ದವು. ಆ ದಾಯಾದಿಗಳ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಇವರಿಗೆ ಯಾರೂ ಹೇಳಿಕಳಿಸಲಿಲ್ಲ. ಅಕ್ಕೋರು ರಜೆ ಹಾಕಿ ಬಸ್ಸು ಹತ್ತಿದರು. ಹೆಣ ಎತ್ತುವವರೆಗೂ ಅವರ ಅಂಗಳದಲ್ಲಿ ಒಬ್ಬರೇ ಕುಳಿತು ಬಂದರು. ಮರುದಿನ ನಾನು ಕೇಳಿಯೇಬಿಟ್ಟೆ: "ಕರೀದ ಮನಿಗೆ ಯಾಕ ಹೋದ್ರಿ ಅಕ್ಕೋರ?"

"ಸತ್ತ ಮನಿಯವ್ರು ಕರೀಲಿ ಅಂತ ಯಾರರ ಕಾಯ್ತಾರೇನ ತಂಗಿ? ಹೋಗಬೇಕು, ಸುಮ್ನ ಕುಂದರಬೇಕು, ಬರಬೇಕು."

ಮುಂದೆ ನಾನು ವಿದೇಶಾಂಗ ಸೇವೆ ಸೇರಿ ಟೋಕಿಯೋದ ನಮ್ಮ ರಾಯಭಾರ ಕಚೇರಿಗೆ ಹೋದೆ. ಒಂದು ಆಗಸ್ಟ್‌ನಲ್ಲಿ, ಅಣುಬಾಂಬಿಗೆ ಬಲಿಯಾದವರ ಸ್ಮರಣೆಯ ಸಭೆಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬ ಜಗಳವೆದ್ದು, ಕೆಲವು ದೇಶಗಳ ರಾಯಭಾರಿಗಳು ಬರುವುದಿಲ್ಲವೆಂದರು. ನಮ್ಮ ರಾಯಭಾರಿ ಊರಲ್ಲಿರಲಿಲ್ಲ. ಅವರ ಬದಲು ಹೋಗುವುದೋ, ಹೂಮಾಲೆ ಕಳಿಸಿ ಸುಮ್ಮನಾಗುವುದೋ, ನನಗೇ ಬಿಟ್ಟಿದ್ದರು. ಹೋದರೆ ಒಬ್ಬರಿಗೆ ಸಿಟ್ಟು, ಬಿಟ್ಟರೆ ಇನ್ನೊಬ್ಬರಿಗೆ. ನಿವೃತ್ತರಾಗಿ ಸಿಂದಗಿಯಲ್ಲೇ ಇದ್ದ ಅಕ್ಕೋರಿಗೆ ಫೋನ್ ಮಾಡಿದೆ.

"ಅಲ್ಲಿ ನೀ ಮಾತಾಡೂದು ಐತೇನ?"

"ಇಲ್ರಿ. ಕುಂದರೂದಷ್ಟ."

"ಹಂಗಾದ್ರ ಅಂಜಿಕಿ ಯಾಕ? ಹೋಗು."

ಹೋದೆ. ನನ್ನ ಎಡಬಲದ ಕುರ್ಚಿಗಳು ಖಾಲಿ ಇದ್ದವು. ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಸಭೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಳಿಗೆ ಬಂದು, ಬಾಂಬು ಬಿದ್ದ ದಿನ ಕಳೆದುಹೋದ ತನ್ನ ತಂಗಿ ಮತ್ತೆ ಸಿಗಲೇ ಇಲ್ಲವೆಂದು ಹೇಳಿದರು. ನನ್ನ ಎರಡೂ ಕೈ ಹಿಡಿದು, "ನೀವು ಬಂದಿರಿ" ಎಂದರು.

ಅಂದು ಸಂಜೆ ಫೋನಿನಲ್ಲಿ ಅಕ್ಕೋರಿಗೆ ಎಲ್ಲ ಹೇಳಿದೆ.

"ಆ ತಂಗೀ ಹೆಸರ ಕೇಳಿದೇನ?"

"ಇಲ್ರಿ."

"ಏನ ಹುಡುಗಿ ನೀ! ಮುಂದಿನ ಸಲ ಕೇಳು."

ಆ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಹೋಗಲು ನನಗಾಗಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ನಾನೇ ಕೇಳಿಕೊಂಡು ಆ ಸಭೆಗೆ ಹೋದೆ. ಅಜ್ಜಿಯನ್ನು ಹುಡುಕಿ ತಂಗಿಯ ಹೆಸರು ಕೇಳಿದೆ. ಹೇಳಿದರು. "ನಮ್ಮ ಟೀಚರು ಕೇಳು ಅಂದಿದ್ದರು. ಈಗ ಅವರಿಲ್ಲ" ಎಂದೆ.

"ಅವರ ಹೆಸರು?" ಎಂದರು ಅಜ್ಜಿ.

ಹೇಳಿದೆ. ನಮ್ಮ ಸೀಮೆಯ ಉದ್ದನೆಯ ಹೆಸರು, ಅಜ್ಜಿಯ ನಾಲಿಗೆ ಹೊರಳಲಿಲ್ಲ. ಆದರೂ ಬಿಡಲಿಲ್ಲ. ಸರಿಯಾಗಿ ಬರುವವರೆಗೂ ಮತ್ತೆ ಮತ್ತೆ ಹೇಳಿದರು, ಆಮೇಲೆ ತಲೆಬಾಗಿದರು.