ಗೋಡೆಯೊಳಗಿನ ಮಾರಿಸ್ ಮೈನರ್

ಶಹಾಬಾದಿನ ಭೀಮಶ್ಯಾ ಅವರ ಮನೆಯಲ್ಲಿ ಒಂದು ಕಾರಿದೆ. ಅದು ಹೊರಗೆ ಬರುವಂತಿಲ್ಲ. ಎಪ್ಪತ್ತನಾಲ್ಕು ವರ್ಷದ ಭೀಮಶ್ಯಾ ವಾಡಿಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು. ಕಾರು ೧೯೪೯ರ ಮಾರಿಸ್ ಮೈನರ್. ಕಾರ್ಖಾನೆಯ ಇಂಜಿನಿಯರ್ ಒಬ್ಬರು ಊರು ಬಿಡುವಾಗ ಇವರಿಗೆ ಕೊಟ್ಟು ಹೋದರು. ಬೇರೆ ಯಾರೂ ಕೇಳಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಪೆಟ್ರೋಲು ಅಳೆದು ಕೊಡುತ್ತಿದ್ದ ಕಾಲದಲ್ಲಿ, ಸಾಧಾರಣ ಸಂಬಳದವರಿಗೆಂದು ಮಾಡಿದ ಗಾಡಿ ಅದು. ಇಂಜಿನ್ ಒಂದು ಲೀಟರಿಗೂ ಕಡಿಮೆ. ದೀಪಗಳೆರಡೂ ಮುಂದಿನ ಜಾಲರಿಯಲ್ಲೇ ತಗ್ಗಿನಲ್ಲಿ ಕೂತಿವೆ; ಎದುರಿನ ಗಾಜು ಎರಡು ಹೋಳು; ತಿರುಗುವಾಗ ದಿಕ್ಕು ತೋರಿಸಲು ಬಾಗಿಲ ಪಕ್ಕದಿಂದ ಚೋಟುದ್ದದ ಕೈಯೊಂದು ಹೊರಕ್ಕೆ ಚಾಚುತ್ತದೆ. ದೀಪ ತಗ್ಗಿನಲ್ಲಿರುವ ಈ ಮಾದರಿ ಬಂದದ್ದು ಕೆಲವೇ ವರ್ಷ. ಭೀಮಶ್ಯಾ ಅವರಿಗೆ ಹಿಡಿಸಿದ್ದು ಚೆಂದವಲ್ಲ. ಕಾರ್ಖಾನೆಯಲ್ಲಿ ಅವರ ಪಾಲಿಗೆ ಬಂದದ್ದು ದೊಡ್ಡ ಯಂತ್ರಗಳ ಒಂದೊಂದು ಮೂಲೆ ಮಾತ್ರ; ಬಾನೆಟ್ ಎತ್ತಿದರೆ ಪೂರ್ತಿ ಕಣ್ಣಿಗೆ ಬಿದ್ದು, ಪೂರ್ತಿ ಕೈಗೆ ಸಿಕ್ಕ ಯಂತ್ರ ಇದೊಂದೇ. ಇಂಜಿನ್ನನ್ನು ಅದರ ಜಾಗದಿಂದ ಯಾರೂ ಎಂದೂ ಎತ್ತಿರಲಿಲ್ಲ. ಬೋಲ್ಟುಗಳ ಮೇಲಿನ ಮೊದಲ ಬಣ್ಣ ಬಿರುಕು ಬಿಡದೆ ಇರುವುದನ್ನು ಬಂದವರಿಗೆಲ್ಲ ಟಾರ್ಚ್ ಹಾಕಿ ತೋರಿಸುತ್ತಿದ್ದರು.

ಪಕ್ಕದ ಜಾಗಕ್ಕೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಷೀನ್ ಬಂದಾಗ ಬಿಳಿ ಧೂಳು ಶುರುವಾಯಿತು. ಅವರು ಕಾರನ್ನು ಹಿಂದಿನ ಕೋಣೆಗೆ ಒಯ್ದು, ತೆರೆದಿದ್ದ ಬದಿಗೆ ಪರ್ಸಿಗಳನ್ನು ಸಾಲಾಗಿ ನಿಲ್ಲಿಸಿದರು. ಗಾರೆ ಹಾಕದೆ ನಿಲ್ಲಿಸುವುದು ಇಲ್ಲಿಯ ರೂಢಿ. ಕಾರು ಹೊರತೆಗೆಯಬೇಕಾದಾಗ ಇಬ್ಬರು ಸೇರಿದರೆ ಎತ್ತಿ ಬದಿಗಿಡಬಹುದು.

ಮುಂದೆ ಮಗ ಸುರೇಶಕುಮಾರ ಮಹಡಿ ಕಟ್ಟಿಸಲು ಹೊರಟ. ಗೌಂಡಿ ಅಂಬರಾಯ ಕಾಗದದ ಮೇಲೆ ನಕ್ಷೆ ಬರೆಯುವವನಲ್ಲ. ಕೋಣೆಯ ನೆಲದ ಮೇಲೆಯೇ ಇದ್ದಿಲಿನಿಂದ ಗೆರೆ ಎಳೆದು, ಎರಡು ಕಂಬಗಳ ನಡುವೆ ಕಾರಿಗೆ ಎಂಟು ಅಡಿ ದಾರಿ ಗುರುತಿಸಿ ಹೋದ. ಭೀಮಶ್ಯಾ ದಿನಾ ಬೆಳಿಗ್ಗೆ ಕಾರಿನ ಸುತ್ತಲಿನ ನೆಲ ತೊಳೆಯುವವರು. ಮರುದಿನವೂ ತೊಳೆದರು; ಕಾರಿನ ದಾರಿಯ ಗೆರೆಗಳು ನೀರಿನೊಂದಿಗೆ ಹೋದವು. ಆಮೇಲೆ ಕಣ್ಣಿನ ಆಪರೇಷನ್ನಿಗೆ ಕಲಬುರಗಿಗೆ ಹೋದರು. ಮಗ ಸೇಡಂನ ಶಾಲೆಗೆ ಬೆಳಗಿನ ರೈಲಿಗೆ ಹೋಗಿ ಕತ್ತಲಾದ ಮೇಲೆ ಬರುವವನು. ಅಂಬರಾಯ ಉಳಿದಷ್ಟು ಗೆರೆ ನೋಡಿ, ಅಳಿಸಿಹೋದದ್ದನ್ನು ಅಂದಾಜಿನಲ್ಲಿ ಕಟ್ಟಿದ. ಭೀಮಶ್ಯಾ ಹದಿನೈದು ದಿನ ಬಿಟ್ಟು ಬಂದಾಗ ಪರ್ಸಿ ಸಾಲಿನ ಜಾಗದಲ್ಲಿ ಗೋಡೆ, ಗೋಡೆಯ ನಡುಮಧ್ಯ ಕಂಬ. ಉಳಿದದ್ದು ಮನೆಯೊಳಕ್ಕೆ ತೆರೆಯುವ ಮೂರಡಿ ಬಾಗಿಲೊಂದೇ.

ಅವರು ಯಾರನ್ನೂ ಬೈಯಲಿಲ್ಲ, ತೊಳೆದವರು ತಾವೇ. ಹೆಂಡತಿ ದ್ರೌಪದಿ ಬಿಡಲಿಲ್ಲ.

"ಹೆಂಡ್ತಿ ಸೀರಿ ಒಂದಿನ ತೊಳಿಲಿಲ್ಲ ನೀವು. ನೆಲ ತೊಳದು ತೊಳದು ಬಾಗಲಾನೂ ತೊಳದ್ ಬಿಟ್ರಿ."

ಐದು ವರ್ಷ ಪ್ರತಿ ಭಾನುವಾರ ಅವರು ಹಿಡಿಕೆ ತಿರುಗಿಸಿ ಇಂಜಿನ್ ಚಾಲೂ ಮಾಡಿದರು. ಹೊಗೆಗೆ ಕಿಟಕಿಯ ತನಕ ಪೈಪು ಜೋಡಿಸಿದ್ದರು. ಕಾರು ಒಂದು ಮಾರು ಮುಂದೆ ಹೋಗುತ್ತಿತ್ತು, ಒಂದು ಮಾರು ಹಿಂದೆ ಬರುತ್ತಿತ್ತು. ಹೋದ ವರ್ಷ ಸೊಸೆ ಪೂನಮ್‌ಗೆ ಹೆರಿಗೆಯಾಯಿತು. ಕಿಟಕಿಯ ಹೊಗೆ ನೇರ ಮಹಡಿಗೇ ಏರುತ್ತಿತ್ತು.

"ಅಪ್ಪಾ, ಕೂಸು ಕೆಮ್ಮಲಿಕತ್ತದ. ಇನ್ನ ಚಾಲೂ ಮಾಡಬ್ಯಾಡ," ಎಂದ ಮಗ.

ಮಗನ ಮಾತು ಸರಿಯಿತ್ತು. ಚಾಲೂ ಆಗದ ಇಂಜಿನ್ ಒಳಗೇ ಬಿಗಿದುಕೊಂಡು ಸಾಯುತ್ತದೆ ಎಂಬುದೂ ಸರಿ. ಕಂಬ ತೆಗೆದರೆ ಮಹಡಿ ಕುಸಿಯುತ್ತದೆ ಎಂದು ಅಂಬರಾಯ ಕೈಚೆಲ್ಲಿದ. ಚಿತ್ತಾಪುರದ ಗ್ಯಾರೇಜಿನ ದತ್ತು ಬಂದು ಬಾಗಿಲು ಅಳೆದ. ಬಾಡಿಯನ್ನು ಜೀಪಿನಂತೆ ತಳದ ಚೌಕಟ್ಟಾದ ಚಾಸಿಯಿಂದ ಎತ್ತಬಹುದೆಂದು ತಿಳಿದಿದ್ದ. ಇದಕ್ಕೆ ಬೇರೆ ಚಾಸಿಯೇ ಇಲ್ಲ, ತಳದಿಂದ ಮಾಡಿನ ತನಕ ಒಂದೇ ಚಿಪ್ಪು ಎಂದು ಭೀಮಶ್ಯಾ ಬಗ್ಗಿ ತೋರಿಸಿದರು.

"ನಡುವ ಕೊಯ್ದು ಒಯ್ತೀನಿ ಕಾಕಾ. ಅಲ್ಲಿ ಬೆಸದ್ರ ಗೆರಿ ಸೈತ ಯಾರಿಗೂ ಕಾಣಂಗಿಲ್ಲ."

"ನನಗ ಕಾಣ್ತದ."

ಒಂದು ವಾರ ಅವರು ಆ ಕೋಣೆಗೆ ಹೋಗಲಿಲ್ಲ. ಎಂಟನೆಯ ದಿನ ದತ್ತುವಿಗೆ ಫೋನ್ ಮಾಡಿ, ಇಂಜಿನ್ ಒಯ್ಯಿ, ಗ್ಯಾರೇಜಿನಲ್ಲಿ ದಿನ ಬಿಟ್ಟು ದಿನ ಚಾಲೂ ಮಾಡು, ಚಿಪ್ಪಿಗೆ ಕೈ ಹಚ್ಚಬೇಡ ಎಂದರು. ಬೋಲ್ಟುಗಳಿಗೆ ಬೇರೆಯವರ ಪಾನಾ ತಾಗಗೊಡದೆ ತಾವೇ ಬಿಚ್ಚಿದರು. ಎಪ್ಪತ್ತು ವರ್ಷದ ಬಣ್ಣ ಚಕ್ಕೆಯಾಗಿ ಉದುರಿತು. ಬೋಲ್ಟುಗಳು ಸಲೀಸಾಗಿ ಬಂದವು. ಪಾಲಿಶ್ ಮಷೀನಿನ ನಾಲ್ವರು ಪರ್ಸಿ ಹೊರುವ ಬಿದಿರ ಬೊಂಬಿಗೆ ಇಂಜಿನ್ ಕಟ್ಟಿ, ಮೂರಡಿ ಬಾಗಿಲಿನಿಂದ ದಾಟಿಸಿ, ದತ್ತುವಿನ ಆಟೋಗೆ ಹೇರಿದರು.

ಭೀಮಶ್ಯಾ ರಸ್ತೆಯ ತನಕ ಹೋಗಲಿಲ್ಲ. ಭಾರ ಕಳೆದು ಕಾರಿನ ಮೂತಿ ನಾಲ್ಕು ಬೆರಳು ಮೇಲೆದ್ದಿತ್ತು. ಹಾಗೇ ಬಿಟ್ಟರೆ ಭಾರ ಹೊರುವ ಮುಂದಿನ ಸ್ಪ್ರಿಂಗು ಕೆಡುತ್ತದೆ. ಹೊತ್ತವರು ಕೈ ತೊಳೆದು ಬಂದಾಗ, ಒಡೆದ ಪರ್ಸಿ ಚೂರು ಒಂದೂವರೆ ಕ್ವಿಂಟಲ್ ಬೇಕು ಎಂದು ಕೇಳಿದರು. ನಾಲ್ವರೂ ತಂದು ಸುರಿದರು. ಭೀಮಶ್ಯಾ ಇಂಜಿನ್ ಇದ್ದ ಖಾಲಿ ಹೊಟ್ಟೆಗೆ ಗೋಣಿತಾಟು ಹಾಸಿ, ಒಂದೊಂದೇ ಚೂರು ಜೋಡಿಸುತ್ತಾ, ನಡುನಡುವೆ ನೆಲದಿಂದ ಬಂಪರಿನ ಎತ್ತರ ಅಳೆದರು. ಮೂತಿ ಮೊದಲಿನ ಮಟ್ಟಕ್ಕೆ ಇಳಿದಾಗ ಬಾನೆಟ್ ಮುಚ್ಚಿದರು.