ಗೋಡೆಯಾಚೆಯ ಬಾವಿ

ಹೋದ ವಾರ ನಮ್ಮ ಬೀದಿ ತುದಿಯ ಬೋರ್‌ವೆಲ್ ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಎರಡು ದಿನ ಅದರ ವಾಸನೆ ಮನೆಯೊಳಗೂ ಇತ್ತು. ಪಕ್ಕದ ಗೋಡೆಯ ಮೇಲೆ ಏನೋ ಬರೆದಿದ್ದರು. ನಾನು ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ. ಒಂದೊಂದೇ ಕೂಡಿಸಿ ಓದಿದೆ. ಈ ನೀರು ಕುಡಿಯಲು ಯೋಗ್ಯವಲ್ಲ. ಓದಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯಲ್ಲಿದ್ದವರು ನೆನಪಾದರು. ಬಹಳ ವರ್ಷದ ಹಿಂದೆ ಅವರು ಇದನ್ನೇ ಬಾಯಲ್ಲಿ ಹೇಳಿದ್ದರು. ಅದೂ ನನಗೆ.

ಆಗ ನಮ್ಮ ಹಿನಕಲ್ ಇನ್ನೂ ಹಳ್ಳಿ. ಹೊಲ ತುಂಡು ಮಾಡಿ ಸೈಟು ಹಾಕಿದ್ದರು. ನಲ್ಲಿ ಇಲ್ಲ, ಒಳಚರಂಡಿ ಇಲ್ಲ. ಕಂಡವರ ಮನೆಗಳಿಗೆ ಗಾರೆ ಹೊತ್ತೂ ಹೊತ್ತೂ ನಾನೂ ಒಂದು ಸೈಟು ತೆಗೆದುಕೊಂಡಿದ್ದೆ. ಪಶ್ಚಿಮದ ಪಕ್ಕದ ಸೈಟಿನಲ್ಲಿ ಅವರು ಆಗಲೇ ಮನೆ ಕಟ್ಟಿ ಬಾವಿ ತೋಡಿಸಿದ್ದರು. ಸರ್ವೆ ಇಲಾಖೆಯಲ್ಲಿ ಅಳತೆ ಚೈನು ಹಿಡಿದು ರಿಟೈರಾದವರು. ಕ್ರಿಶ್ಚಿಯನ್ನರು. ಭಾನುವಾರ ಇಸ್ತ್ರಿ ಷರಟು ಹಾಕಿ ಚರ್ಚಿಗೆ ಹೋಗುತ್ತಿದ್ದರು, ಉಳಿದ ಆರು ದಿನವೂ ಬನಿಯನ್ನೇ. ಬೀದಿಯವರೆಲ್ಲ ಅವರನ್ನು ಸರ್ವೆಯವರು ಅನ್ನುತ್ತಿದ್ದೆವು. ಕುಡಿಯಲು ಎಲ್ಲರಿಗೂ ಅವರ ಬಾವಿಯ ನೀರೇ. ನನ್ನ ಮನೆಯ ಗೋಡೆ ಎದ್ದದ್ದೂ ಆ ನೀರಿನಲ್ಲೇ. ಒಂದು ದಿನ ಬೇಡ ಅಂದವರಲ್ಲ.

ನಮ್ಮ ಸಾಲಿನ ಮನೆಗಳೆಲ್ಲ ದಕ್ಷಿಣಕ್ಕೆ, ರಸ್ತೆಗೆ ಮುಖ. ವಾಸ್ತು ಪ್ರಕಾರ ಎಲ್ಲರ ನಕ್ಷೆಯಲ್ಲೂ ಹಿತ್ತಲಿನ ಈಶಾನ್ಯ ಮೂಲೆಗೆ ಬಾವಿ, ವಾಯವ್ಯ ಮೂಲೆಗೆ ಕಕ್ಕಸು ಗುಂಡಿ. ಒಂದೇ ಸೈಟಿನೊಳಗೆ ನೋಡಿದರೆ ಎರಡೂ ದೂರ ದೂರ. ನಡುವಿನ ಗೋಡೆ ಇಲ್ಲ ಅಂದುಕೊಂಡು ನೋಡಿದರೆ, ನನ್ನ ವಾಯವ್ಯ ಅವರ ಈಶಾನ್ಯಕ್ಕೆ ಅಂಟಿಕೊಂಡಿತ್ತು. ಹಾಗೆ ಪ್ರತಿ ಮನೆಯ ಗುಂಡಿಯೂ ಪಕ್ಕದ ಮನೆಯ ಬಾವಿಗೆ ನಾಲ್ಕೇ ಮೊಳ ಆಗುತ್ತಿತ್ತು. ಇದು ಬೀದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಳೆದು ಬದುಕಿದ ಮನುಷ್ಯ, ಅವರಿಗೆ ಹೊಳೆಯಿತು. ಪಂಚಾಯಿತಿ ಲೈಸೆನ್ಸಿನಲ್ಲಿ ಗುಂಡಿ ಬಾವಿಯಿಂದ ದೂರ ಇರಬೇಕು ಅಂತ ಇತ್ತು. ಯಾರ ಬಾವಿಯಿಂದ ಅಂತ ಇರಲಿಲ್ಲ.

ಅವರು ತಮ್ಮ ಗುಂಡಿಯನ್ನು ಮನೆಯ ಮುಂದೆ, ರಸ್ತೆ ಕಡೆಗೆ ತೆಗೆಸಿದರು. ಎಲ್ಲರೂ ಹಾಗೇ ಮಾಡಬೇಕು ಅಂತ ಪಂಚಾಯಿತಿಯಲ್ಲಿ ಕೇಳಿದರು. ಸಾಲಿನವರೆಲ್ಲ ಒಪ್ಪಿ ರುಜು ಹಾಕಿಕೊಟ್ಟರೆ ಅದನ್ನೇ ನಿಯಮ ಮಾಡುತ್ತೇವೆ, ಗುಂಡಿ ಮುಂದಿದ್ದರೇ ಲೈಸೆನ್ಸು ಅಂದರಂತೆ. ಕಾಗದ ಹಿಡಿದು ಮನೆ ಮನೆ ಸುತ್ತಿದರು. ಕೊನೆಗೆ ಉಳಿದವಳು ನಾನು.

“ಗುಂಡಿ ಜಾಗ ನಿಮ್ಮ ಬಾವಿ ಜಾಗದಿಂದ ದೂರ ಇದೆ ಕಣಮ್ಮ, ಸರಿ. ನನ್ನ ಬಾವಿಯಿಂದ?”

“ಬಾಗ್ಲು ಆಗ್ಲೇ ದಕ್ಷಿಣಕ್ಕೈತೆ. ಅದರ ಮುಂದೆ ಕಕ್ಕಸ್ ಗುಂಡಿ ಬೇರೆ ಇಟ್ರೆ, ನನ್ನ ಮಗಳನ್ನ ನೋಡಕ್ಕೆ ಬರೋರು ಗುಂಡಿ ತುಳ್ಕೊಂಡು ಒಳಕ್ ಬರ್ಬೇಕಾ?”

“ಚಪ್ಪಡಿ ಮುಚ್ಚಿ ಮೇಲೆ ರಂಗೋಲಿ ಹಾಕ್ಬುಡಿ. ಯಾರಿಗೆ ಗೊತ್ತಾಗತ್ತೆ?”

ನಗು ಬಂತು. ತಡೆದುಕೊಂಡೆ. “ನೀವು ಚರ್ಚಿಗೋಗೋರು. ವಾಸ್ತು ನಿಮಗೆಂಗೆ ಗೊತ್ತಾಯ್ತದೆ?” ಅಂದೆ.

“ನೀರಿಗೂ ಗೊತ್ತಿಲ್ಲ ಬುಡಿ,” ಅಂದು ಕಾಗದ ಮಡಚಿಕೊಂಡು ಹೋದರು.

ಮುಂದಿನ ತಿಂಗಳು ಅವರು ಗಂಡ ಹೆಂಡತಿ ವೇಳಾಂಕಣಿ ಯಾತ್ರೆಗೆ ಹೋದರು. ಆ ವಾರವೇ ಆಳು ಕರೆಸಿ ವಾಯವ್ಯದಲ್ಲಿ ಗುಂಡಿ ತೋಡಿಸಿ ಸಿಮೆಂಟ್ ರಿಂಗು ಇಳಿಸಿದೆ. ಅವರು ಇಲ್ಲ ಅಂತ ಗೊತ್ತಿದ್ದೇ ಮಾಡಿದ್ದು. ಬಂದವರು ಗೋಡೆಯಾಚೆಯಿಂದ ನೋಡಿದರು. ಟೇಪು ತಂದು ತಮ್ಮ ಬಾವಿ ಕಟ್ಟೆಯಿಂದ ಗೋಡೆಗೆ ಅಳೆದು, ಏನೋ ಗೊಣಗಿಕೊಂಡು ಒಳಗೆ ಹೋದರು. ನನ್ನನ್ನು ನೋಡಿ ರುಜು ಹಾಕಿದವರೂ ಹಿತ್ತಲಲ್ಲೇ ತೋಡಿಸಿದರು. ಆ ಕಾಗದ ಏನಾಯಿತೋ...

ಎರಡನೇ ಮಳೆಗಾಲಕ್ಕೆ ಅವರ ಹೆಂಡತಿಗೆ ಕಾಮಾಲೆ ಆಯಿತು. ಜಯಲಕ್ಷ್ಮಿಪುರಂನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಅದಾಗಿ ಒಂದು ಬೆಳಿಗ್ಗೆ ಸರ್ವೆಯವರು ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಹಿಡಿದರು.

“ಮೂಸಿ ನೋಡಿ.”

ಮೂಸಿದೆ. ಗುಂಡಿಯ ವಾಸನೆ.

“ಕುಡೀಬೇಡಿ. ಮಕ್ಕಳಿಗೂ ಕೊಡ್ಬೇಡಿ,” ಅಂದು ಮುಂದಿನ ಮನೆಗೆ ಹೋದರು. ಎಲ್ಲೂ ನನ್ನ ಗುಂಡಿಯ ಮಾತು ಎತ್ತಲಿಲ್ಲವಂತೆ. ಸಂಜೆಯೊಳಗೆ ಬಾವಿಗೆ ಚಪ್ಪಡಿ ಬಿತ್ತು. ನನ್ನ ಮಗಳ ಮದುವೆ ಗೊತ್ತಾಗಿತ್ತು, ಈಗ ಗುಂಡಿ ಅಗೆಸುವ ಹೊತ್ತಲ್ಲ ಅಂತ ನಾನು ಸುಮ್ಮನಿದ್ದೆ. ಮದುವೆ ಆದ ಮೇಲೂ ಸುಮ್ಮನೇ ಇದ್ದೆ. ಸರ್ವೆಯವರು ಮನೆ ಮಾರಿ ತಮ್ಮ ಮಗಳ ಹತ್ತಿರ ಹೋದರು. ಸತ್ತದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ...

ಈಗ ನಲ್ಲಿ ಬಂದಿದೆ, ಒಳಚರಂಡಿ ಬಂದಿದೆ. ನೆಲದೊಳಗಿನ ನೀರು ಮಾತ್ರ ಕೆಟ್ಟುಹೋಯಿತು. ರಿಂಗ್ ರೋಡಿನಾಚೆಯ ಹೊಸ ಬಡಾವಣೆಗಳಲ್ಲಿ ಇವತ್ತಿಗೂ ಬೋರು ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ಯಾರಿಗೆ ಅಂತ ಹೇಳುವುದು? ನನಗೆ ಸಾಕಾಗಿದೆ.

ಮೊನ್ನೆ ಬಸ್ಸು ಹತ್ತಿ ಜಯಲಕ್ಷ್ಮಿಪುರಂಗೆ ಹೋದೆ. ಅವರ ಹೆಂಡತಿ ಇದ್ದಾರೆ. ಕಿವಿ ಮಂದವಾಗಿದೆ, ನಾಲಿಗೆ ಹಾಗೇ ಇದೆ.

“ಇನ್ನೂ ಇದ್ದೀಯೇನೇ? ಹೋಗ್ಬುಟ್ಟೆ ಅನ್ಕೊಂಡಿದ್ದೆ.”

“ನಿಮ್ಮನ್ನ ಬಿಟ್ಟು ಎಂಗೆ ಹೋಗ್ಲಿ ಅಕ್ಕ.”

ಕಾಫಿ ಕೊಡಿಸಿದರು. ಮನೆಯ ಮಾತು ಅವರೇ ತೆಗೆದರು.

“ಬಾವಿ ಬತ್ತೋಯ್ತು ಅಂತ ಒಳ್ಳೆ ಮನೆ ಮಾರ್ಬುಟ್ರು ನೋಡು ನಮ್ಮನೆಯವರು. ಇನ್ನೊಂದಾಳುದ್ದ ತೋಡ್ಸಿ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಆ ಮನುಷ್ಯ ಸಾಯೋವರ್ಗೂ ಬಯ್ದೆ, ಕೈಲಾಗದೋರು ಅಂತ.”

ಸರ್ವೆಯವರು ಹೆಂಡತಿಗೂ ನಿಜ ಹೇಳಿರಲೇ ಇಲ್ಲ. ಹೇಳಿದ್ದರೆ ಈಕೆ ಆವತ್ತೇ ನನ್ನ ಬಾಗಿಲಿಗೆ ಬಂದು ಬೀದಿ ಸೇರಿಸುತ್ತಿದ್ದರು. ನನ್ನ ಮಗಳ ಮದುವೆಯೂ ಹತ್ತಿರವಿತ್ತು. ಅದಕ್ಕೇ ಇರಬೇಕು.

ಲೋಟ ಕೆಳಗಿಟ್ಟೆ. “ಬಾವಿ ಬತ್ತಿರ್ಲಿಲ್ಲ ಅಕ್ಕ. ನನ್ನ ಗುಂಡಿ ನೀರು ಇಳಿದು ಕೆಟ್ಟಿತ್ತು. ಅವರಿಗೆ ಗೊತ್ತಿತ್ತು,” ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಮೊದಲನೇ ಸಲವೇ ಕೇಳಿಸಿತ್ತು.

ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ. “ಹಂಗಾದ್ರೆ ನಾನ್ ಅವರನ್ನ ಅಷ್ಟ್ ವರ್ಷ ಬಯ್ದಿದ್ದು?” ಅಂತ ಕೇಳಿದರು.

ಎದ್ದು ಬಂದೆ.