ತಪ್ಪಿ ಹೋಗಿ ಕೂತ ಕೋಣೆ

ಇವತ್ತು ಬೆಳಿಗ್ಗೆ ಜಗಲಿ ಒರೆಸುವಾಗ ಬಕೆಟ್ಟಿಗೆ ಫಿನಾಯಿಲ್ ಸ್ವಲ್ಪ ಹೆಚ್ಚೇ ಬಿತ್ತು. ನಿಮ್ಮಮ್ಮ ಒಳಗಿನಿಂದಲೇ, "ಅತ್ತೆ, ಮನೇನ ಆಸ್ಪತ್ರೆ ಮಾಡ್ಬುಟ್ರಲ್ಲ" ಎಂದಳು. ನೀವಿಬ್ಬರೂ ಮೂಗು ಮುಚ್ಚಿಕೊಂಡು ಸ್ಕೂಲಿಗೆ ಓಡಿದಿರಿ. ನನಗೆ ಆ ವಾಸನೆಗೆ ಆಸ್ಪತ್ರೆ ನೆನಪಾಗುವುದಿಲ್ಲ, ಮದ್ದೂರಿನ ಒಂದು ಹಳೆಯ ಕಟ್ಟಡದ ಹಜಾರ ನೆನಪಾಗುತ್ತದೆ. ಗುರುವಾರ ಬಂದರೆ ಅಜ್ಜಿ ಚೀಲ ಹಿಡಿದು ಎಲ್ಲಿಗೆ ಹೋಗುತ್ತಾಳೆ ಎಂದು ನೀವು ಕೇಳುತ್ತಲೇ ಇದ್ದೀರಿ. ಮದ್ದೂರಿಗೆ ಎಂದರೆ, "ವಡೆ ತಿನ್ನೋಕಾ?" ಅನ್ನುತ್ತೀರಿ. ಒಂದೆರಡು ಸಲ ಹೌದು ಎಂದು ವಡೆ ತಂದುಕೊಟ್ಟು ನಿಮ್ಮ ಬಾಯಿ ಮುಚ್ಚಿಸಿದ್ದೂ ಉಂಟು. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಸಂಕೋಚ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ನಿಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ.

ಸಂಕೋಚ ನನಗೆ ಹುಟ್ಟಿನಿಂದಲೇ ಬಂದದ್ದು. ಬಸರಾಳಿನ ಹತ್ತಿರದ ನನ್ನ ತವರೂರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಹಾಜರಿ ಕೂಗಿದಾಗಲೂ ಪಕ್ಕದಲ್ಲಿ ಕೂತವಳೇ ನನ್ನ ಪರವಾಗಿ, "ಬಂದವ್ಳೆ ಸಾ" ಅನ್ನುತ್ತಿದ್ದಳು. ಮದುವೆಯಾದ ಮೇಲೆ ಆ ಕೆಲಸವನ್ನು ನಿಮ್ಮ ತಾತ ವಹಿಸಿಕೊಂಡರು. ನನ್ನ ಪಾಲಿನದನ್ನೂ ಸೇರಿಸಿ ಅವರೇ ಮಾತಾಡುತ್ತಿದ್ದರು. ಎತ್ತಿನ ಜೊತೆ ಮಾತಾಡುವರು, ಕಬ್ಬಿನ ಜೊತೆ ಮಾತಾಡುವರು, ಕೆಟ್ಟುಹೋದ ಮೋಟಾರಿಗೆ ಬೈಯುವರು. ನನಗೆ ಅದು ಹಾಯಾಗಿತ್ತು.

ನಾನು ಗಟ್ಟಿಯಾಗಿ ಆಡುತ್ತಿದ್ದ ಮಾತು ಒಂದೇ. ಆಗ ಪಂಪ್‌ಸೆಟ್ಟಿನ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ತಾತ ಜಗಲಿಯ ಗೋಡೆಗೆ ಒಂದು ಸಣ್ಣ ಕೆಂಪು ಬಲ್ಬು ಹಾಕಿಸಿದ್ದರು. ಮೋಟಾರಿನ ಲೈನಿಗೆ ಕರೆಂಟು ಬಂದರೆ ಅದು ಹತ್ತಿಕೊಳ್ಳುತ್ತಿತ್ತು. ಅದು ಹತ್ತಿದ್ದು ಕಂಡರೆ ಸಾಕು, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಿಲಿಗೆ ಬಂದು, "ಏನೂಂದ್ರೇ, ಕರೆಂಟ್ ಬಂತೂ!" ಎಂದು ಕೂಗುತ್ತಿದ್ದೆ. ಮೂರು ಗದ್ದೆ ಆಚೆಗೂ ಕೇಳುತ್ತಿತ್ತಂತೆ. "ಮೂಗಿ ಅಂದ್ಕಂಡಿದ್ದೋ, ಗಂಟ್ಲು ನೋಡು" ಎಂದು ಪಕ್ಕದ ಹೊಲದವರು ನಗುತ್ತಿದ್ದರು.

ಆರು ವರ್ಷದ ಹಿಂದೆ ಒಂದು ಸಾಯಂಕಾಲ, ಮಳೆ ಬಂದು ನಿಂತಿತ್ತು. ತಾತ ಕಾಫಿ ಕುಡಿಯಲು ಆಗತಾನೇ ಕೂತಿದ್ದರು. ಬಲ್ಬು ಹತ್ತಿತು. "ಕರೆಂಟ್ ಬಂತು ಕಣ್ರೀ. ಕಾಫಿ ಎಲ್ಲೋಯ್ತದೆ, ಬಿಸಿಮಾಡಿ ಕೊಡ್ತೀನಿ, ಹೋಗಿ ಹಾಕ್ಬುಟ್ಟು ಬನ್ನಿ" ಎಂದೆ. ಅವರು ಒದ್ದೆ ಕಾಲಲ್ಲೇ ಹೋದರು. ಮೋಟಾರು ಮನೆಯ ಸ್ಟಾರ್ಟರ್ ಡಬ್ಬಿ ಮುಟ್ಟಿದವರು ತಿರುಗಿ ಬರಲಿಲ್ಲ.

ತಾತ ಕರೆಂಟು ಹೊಡೆದು ಹೋದರು ಎಂಬುದು ನಿಮಗೆ ಗೊತ್ತು. ಅವರನ್ನು ಎಬ್ಬಿಸಿ ಕಳಿಸಿದವಳು ನಾನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಸಾವಾದರೆ ಹೆಂಗಸರೆಲ್ಲ ಬಂದು ತಬ್ಬಿಕೊಂಡು ಹಾಡಿಹೇಳಿ ಅಳುತ್ತಾರೆ. ಹನ್ನೊಂದನೇ ದಿನ ತಿಥಿಯ ಊಟವಾದ ಮೇಲೆ ಅವರವರ ಕಣ್ಣೊರೆಸಿಕೊಂಡು ಹೋಗುತ್ತಾರೆ. ಹೋಗುವಾಗ ಒಬ್ಬೊಬ್ಬರೂ ಒಂದೊಂದು ಬುದ್ಧಿಮಾತು ಬಿಟ್ಟು ಹೋಗುತ್ತಾರೆ. "ಅವ್ನ ಆಯಸ್ಸು ಅಷ್ಟೇಯ." "ಮೊಮ್ಮಕ್ಳ ಮುಖ ನೋಡ್ಕಂಡು ಮರೆ." ಹನ್ನೆರಡನೇ ದಿನದಿಂದ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ನಾನು ಮಾತು ನಿಲ್ಲಿಸಿದೆ. ಮೊದಲೇ ಮಾತು ಕಮ್ಮಿಯಾದ್ದರಿಂದ ಸುಮಾರು ದಿನ ಯಾರಿಗೂ ಗೊತ್ತೇ ಆಗಲಿಲ್ಲ! ನಿದ್ದೆ ಹೋಯಿತು, ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಹಿತ್ತಿಲ ಬಾಗಿಲು ದಾಟಿ ಹೊಲದ ಕಡೆ ಹೋಗುವುದನ್ನೇ ಬಿಟ್ಟೆ. ನಿಮ್ಮಪ್ಪ ಮಂಡ್ಯಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ, ಎದೆಯ ಪರೀಕ್ಷೆ ಎಲ್ಲ ಮಾಡಿಸಿದ. ಎಲ್ಲ ಸರಿಯಿದೆ ಎಂದರು. ಎಲ್ಲ ಸರಿಯಿದ್ದೂ ಹೀಗಿದ್ದೇನಲ್ಲ ಎಂದು ನನಗೇ ಸೋಜಿಗ.

ನಮ್ಮ ಬೀದಿಯ ಭಾಗ್ಯ ನಿಮಗೆ ಗೊತ್ತು, ಆಶಾ ಕಾರ್ಯಕರ್ತೆ, ಪೋಲಿಯೊ ಹನಿ ಹಾಕಲು ಬರುವವಳು. ಒಂದು ದಿನ ಬಂದು ನನ್ನ ಮುಖ ನೋಡಿ, "ದೊಡ್ಡವ್ವ, ಮದ್ದೂರಲ್ಲಿ ಗುರುವಾರ ಒಂದು ಗುಂಪು ಸೇರ್ತದೆ. ಮನೇಲಿ ಸಾವಾಗಿರೋರು ಬತ್ತಾರೆ, ಮಾತಾಡ್ತಾರೆ, ಓಯ್ತಾರೆ. ದುಡ್ಡಿಲ್ಲ, ಮಾತ್ರೆ ಇಲ್ಲ" ಎಂದಳು.

"ಮಾತಾಡಿದ್ರೆ ಏನಾಯ್ತದೆ?" ಎಂದೆ.

"ನಂಗೇನ್ ಗೊತ್ತು? ನನ್ ಗಂಡ ಗುಂಡುಕಲ್ಲಂಗವ್ನೆ. ಓಗ್ಬುಟ್ಟು ಬಂದು ನೀನೇ ಹೇಳು."

ಹೋಗುವ ಮನಸ್ಸಾದದ್ದು ದುಃಖಕ್ಕಲ್ಲ, ಕುತೂಹಲಕ್ಕೆ. ಮಾತ್ರೆಯಿಲ್ಲ, ಪೂಜೆಯಿಲ್ಲ, ಬರೀ ಮಾತಾಡಿ ಎದ್ದು ಹೋಗುವುದೆಂದರೆ ಅದೆಂಥದ್ದಿರಬಹುದು? ಬಾಗಿಲ ಮುಂದೆ ಚಪ್ಪಲಿ ಬಿಟ್ಟಿರುವ ಕೋಣೆಗೆ ಹೋಗು ಎಂದಿದ್ದಳು ಭಾಗ್ಯ. ಹೋದೆ. ಹಜಾರದ ಎರಡು ಕಡೆಯೂ ಕೋಣೆ, ಎರಡರ ಮುಂದೆಯೂ ಚಪ್ಪಲಿ. ಆಗತಾನೇ ಒರೆಸಿದ ನೆಲ, ಈ ಫಿನಾಯಿಲ್ ವಾಸನೆ. ಯಾರನ್ನಾದರೂ ಕೇಳಬಹುದಿತ್ತು. ಕೇಳುವವಳಾಗಿದ್ದರೆ ನಾನು ನಾನೇ ಅಲ್ಲ. ಎಡಗಡೆಯದಕ್ಕೆ ನುಗ್ಗಿದೆ.

ಒಳಗೆ ಹತ್ತು ಹನ್ನೆರಡು ಜನ ಗಂಡಸರು ದುಂಡಗೆ ಕೂತಿದ್ದರು. ಹೆಂಗಸು ಒಬ್ಬಳೂ ಇಲ್ಲ. ತಿರುಗಬೇಕು ಅನ್ನುವಷ್ಟರಲ್ಲಿ ಹಿರಿಯರೊಬ್ಬರು ಎದ್ದು, "ಬಾ ತಾಯಿ, ಕೂತ್ಕೊ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಹಿರಿಯರು ಎದ್ದು ಕೊಟ್ಟ ಜಾಗದಲ್ಲಿ ಕೂರದೆ ಹೋಗುವುದುಂಟೆ? ಕೂತೆ. ಕೂತ ಮೇಲೆ ಎದ್ದು ಹೋಗಬೇಕಾದರೆ "ಬತ್ತೀನಿ" ಎಂದು ಹೇಳಿ ಹೋಗಬೇಕಲ್ಲ? ಅಷ್ಟು ಜನ ಗಂಡಸರ ಮುಂದೆ ಬಾಯಿ ಬರಲಿಲ್ಲ. ಸೆರಗು ಹೊದ್ದು ಕೂತೇ ಇದ್ದೆ.

ಆಮೇಲೆ ತಿಳಿಯಿತು, ಅದು ಕುಡಿತ ಬಿಟ್ಟವರ ಗುಂಪು.

ಆ ಹಿರಿಯರನ್ನು ಬೋರೇಗೌಡರು ಎನ್ನೋಣ. ಅದು ಅವರ ಹೆಸರಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ಕಟ್ಟಳೆ. ಇಲ್ಲಿ ಬರೆದದ್ದನ್ನೆಲ್ಲ ಅವರವರನ್ನು ಕೇಳಿಕೊಂಡೇ ಬರೆದಿದ್ದೇನೆ. ಮೋಟಾರು ರಿಪೇರಿ ಮಾಡುವ ಸಾಬರೊಬ್ಬರು, "ಬರೀರಮ್ಮ, ಹೆಸ್ರು ಮಾತ್ರ ಒಳ್ಳೇದು ಇಡಿ" ಎಂದರು. ಅವರಿಗೆ ರಫೀಕ್ ಎಂದಿಟ್ಟಿದ್ದೇನೆ.

ಒಬ್ಬೊಬ್ಬರಾಗಿ ಹೆಸರು ಹೇಳಿ, ಕುಡಿಯದೆ ಎಷ್ಟು ದಿನವಾಯಿತೆಂದು ಹೇಳುತ್ತ ಬಂದರು. ಪ್ರತಿಯೊಬ್ಬರಿಗೂ ಚಪ್ಪಾಳೆ. ನನ್ನ ಸರದಿ ಬಂತು.

"ಹೇಳವ್ವ, ಬುಟ್ಟು ಎಷ್ಟು ದಿನ ಆಯ್ತು?" ಎಂದರು ಬೋರೇಗೌಡರು.

"ನಾನು ಕುಡಿದೇ ಇಲ್ವಲ್ಲ" ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಇವತ್ತು ಕುಡ್ದಿಲ್ಲ ತಾನೆ? ಅಷ್ಟೇಯ ಬೇಕಾದ್ದು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಕ್ಕಳೇ, ನಗಬೇಡಿ. ಅಥವಾ ನಗಿ. ನನ್ನ ಜೀವಮಾನದಲ್ಲಿ ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಮುಂದಿನ ಗುರುವಾರದ ಹೊತ್ತಿಗೆ ಸರಿಯಾದ ಕೋಣೆ ಬಲಗಡೆಯದು ಎಂದು ಭಾಗ್ಯಳಿಂದ ತಿಳಿದುಕೊಂಡಿದ್ದೆ. ಆದರೂ ಕಾಲು ಎಡಕ್ಕೇ ಹೋಯಿತು. ಅಲ್ಲಿ ಯಾರೂ ನನಗೆ ಅಯ್ಯೋ ಪಾಪ ಎಂದಿರಲಿಲ್ಲ. ಇನ್ನೊಂದು ಸಂಗತಿಯೂ ನನ್ನನ್ನು ಎಳೆಯುತ್ತಿತ್ತು. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಮ್ಮ ಸೀಮೆಯ ಗಂಡಸರು ಬುದ್ಧಿ ಹೇಳದೆ ಒಂದು ಗಂಟೆ ಕೂತಿರುವುದನ್ನು ನೀವೆಲ್ಲಾದರೂ ಕಂಡಿದ್ದೀರಾ? ಕೊಕ್ಕರೆ ಬೆಳ್ಳೂರು ಕಡೆಯವನೊಬ್ಬ ತಡೆಯಲಾರದೆ, "ಅದಕ್ಕೇ ಕಣಣ್ಣ, ನೀನು ಏನ್ ಮಾಡ್ಬೇಕು ಅಂದ್ರೆ..." ಎಂದು ಶುರುಮಾಡಿದರೆ ಬೋರೇಗೌಡರು, "ಲೇ, ಮುಚ್ಚಲಾ. ಕೇಳಕ್ಕೆ ಬಂದಿದ್ದೀಯೆ, ಹೇಳಕ್ಕಲ್ಲ" ಅನ್ನುತ್ತಿದ್ದರು.

ಆ ದಿನ ರಫೀಕ್ ಮಾತಾಡಿದರು. ಕುಡಿದ ಕೈಯಲ್ಲಿ ಒಂದು ಮೋಟಾರು ಕಟ್ಟಿಕೊಟ್ಟಿದ್ದರಂತೆ. ಅದರ ಮೈಗೆ ಕರೆಂಟು ಬಂದು ಒಬ್ಬ ಮುದುಕನಿಗೆ ಹೊಡೆಯಿತು, ಆತ ಹೇಗೋ ಉಳಿದ. "ಅವ್ರು ಉಳ್ಕೊಂಡ್ರು. ನಂಗೆ ಮಾತ್ರ ಇವತ್ತಿಗೂ ಸ್ವಿಚ್ ಹಾಕೋವಾಗ ಬೆರಳು ಬರಲ್ಲ" ಎಂದರು.

ನನಗೇನಾಯಿತೋ ಗೊತ್ತಿಲ್ಲ. ಯಾರೂ ಕೇಳದೆ ಬಾಯಿ ಬಿಟ್ಟೆ. ಕೆಂಪು ಬಲ್ಬು, ಕಾಫಿ, ಬಿಸಿಮಾಡಿ ಕೊಡುತ್ತೇನೆ ಎಂದದ್ದು, ಎಲ್ಲ ಹೇಳಿದೆ. "ಅವರನ್ನ ಕಳ್ಸಿದ್ದು ನಾನು" ಎಂದೆ. ತವರಿನವರಿಗೆ ಹೇಳದ್ದನ್ನು, ಹೆತ್ತ ಮಗನಿಗೆ ಹೇಳದ್ದನ್ನು ಗುರುತಿಲ್ಲದ ಹತ್ತು ಗಂಡಸರಿಗೆ ಹೇಳಿ ಕೂತೆ.

ರಫೀಕ್ ಬೋರೇಗೌಡರ ಕಡೆ ನೋಡಿ, "ಬುದ್ಧಿ ಹೇಳಲ್ಲ, ಒಂದು ಕೇಳ್ತೀನಿ" ಎಂದರು. ಆಮೇಲೆ ನನ್ನನ್ನು ಕೇಳಿದರು, "ಎಷ್ಟು ವರ್ಷದಿಂದ ಹಂಗೆ ಕೂಗ್ತಿದ್ರಿ ಅಮ್ಮಾ?"

"ಬಲ್ಬ್ ಹಾಕ್ಸಿದ ಮೇಲೆ ಇಪ್ಪತ್ತು ವರ್ಷ ಮೇಲಾಯ್ತು."

"ಅಷ್ಟು ವರ್ಷ ಕೂಗಿದಾಗೆಲ್ಲ ಏನಾಗ್ತಿತ್ತು?"

"ಏನಾಯ್ತದೆ? ಅವ್ರು ಹೋಗಿ ಮೋಟಾರ್ ಹಾಕೋರು, ನೀರು ಬರೋದು."

"ಅದನ್ನೂ ಹೇಳಿ ಮತ್ತೆ. ನೀವು ಬರೀ ಒಂದಿನದ್ದೇ ಹೇಳಿದ್ರಿ."

ಅಷ್ಟೇ. ಗುಂಪು ಮುಗಿಯಿತು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಹೊರಗೆ ಯಾರದೋ ಗದ್ದೆಗೆ ಪೈಪಿನಿಂದ ನೀರು ಬೀಳುತ್ತಿತ್ತು. ಅದನ್ನು ನೋಡಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಂಡಕ್ಟರು ಭುಜ ತಟ್ಟಿದ್ದು. "ಅಮ್ಮಾ, ಮಳವಳ್ಳಿ ಬಂತು. ಇಳೀತೀರೋ, ಇಲ್ಲೇ ಹಾಸಿಗೆ ಹಾಸ್ಕೊಡ್ಲೋ?" ನಮ್ಮೂರು ಹಿಂದೆಯೇ ಹೋಗಿತ್ತು. ಅಷ್ಟು ತಿಂಗಳ ಮೇಲೆ ಬಂದ ನಿದ್ದೆ, ಮನೆಯ ಹಾಸಿಗೆ ಬಿಟ್ಟು ಬಸ್ಸಿನ ಸೀಟನ್ನು ಆರಿಸಿಕೊಂಡಿತ್ತು. ನಿಮ್ಮಪ್ಪ ಬೈಕಿನಲ್ಲಿ ಬಂದು, "ಮಳವಳ್ಳೀಲೇನ್ ಕೆಲಸ ಕಣವ್ವ ನಿಂಗೆ?" ಎಂದು ರೇಗಿದ. ಅವನಿಗೇನು ಹೇಳಲಿ?

ಮೂರನೇ ವಾರ ಬೋರೇಗೌಡರೇ ನನ್ನನ್ನು ಬಲಗಡೆಯ ಕೋಣೆಯ ಬಾಗಿಲಿನವರೆಗೂ ಕರೆದುಕೊಂಡು ಬಂದು ಬಿಟ್ಟರು. "ಇಲ್ಲಿ ಕುಡಿಯಲ್ಲ ಅಂತ ಯಾರೂ ಚಪ್ಪಾಳೆ ತಟ್ಟಲ್ಲ, ಬೇಜಾರ್ ಮಾಡ್ಕಬ್ಯಾಡ" ಎಂದರು. ಅಷ್ಟರಲ್ಲಿ ಅವರ ಗುಂಪಿನಲ್ಲಿ ನನ್ನನ್ನು ಕಂಡವರಾರೋ ಊರಲ್ಲಿ ಸುದ್ದಿ ಹಬ್ಬಿಸಿ, ನಿಮ್ಮಮ್ಮ ನನ್ನ ಪೆಟ್ಟಿಗೆಯಲ್ಲಿ ಬಾಟಲಿ ಹುಡುಕಿದ್ದೂ ಆಯಿತು. ಅವಳು ಈಗಲೂ ಅದನ್ನು ಒಪ್ಪುವುದಿಲ್ಲ.

ಬಲಗಡೆಯ ಕೋಣೆಯಲ್ಲಿ ಹೆಂಗಸರೇ ಹೆಚ್ಚು. ಬರೀ ಅಳುವಿರುತ್ತದೆ ಎಂದು ಹೆದರಿದ್ದೆ. ಅಳು ಇತ್ತು, ಅದಕ್ಕಿಂತ ಕೆಲಸ ಹೆಚ್ಚಿತ್ತು. ಗುಂಪು ನಡೆಸುವ ಮೇಡಂ, ನಿಮ್ಮ ಟೀಚರ್ ವಯಸ್ಸಿನವಳು, ಸಾವಾದ ಮೇಲೆ ಕೈಲಾಗದೆ ಬಿಟ್ಟುಬಿಟ್ಟ ಒಂದು ಕೆಲಸ ಯಾವುದು ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಮಳವಳ್ಳಿಯಿಂದ ಬರುವ ರತ್ನಮ್ಮ ಹೇಳಿದ್ದು ಹೀಗೆ: "ಒಬ್ಳಿಗೆ ಮುದ್ದೆ ಮಾಡೋದು ಹೆಂಗೆ ಮೇಡಂ? ಹಿಟ್ಟು ಹಾಕಕ್ಕೆ ಹೋದ್ರೆ ಕೈ ಇಬ್ರದ್ದೇ ಹಾಕ್ತದೆ." ಎಲ್ಲರೂ ತಲೆಯಾಡಿಸಿದೆವು. ಅದನ್ನು ಅರ್ಥಮಾಡಿಕೊಳ್ಳಲು ಆ ಕೋಣೆಯ ಜನವೇ ಬೇಕು. ರತ್ನಮ್ಮ ಕೊನೆಗೆ ಚಿಕ್ಕ ಪಾತ್ರೆಯೊಂದನ್ನು ಕೊಂಡಳು. ಆ ವಾರ ನಮಗೆಲ್ಲ ಹಬ್ಬ.

ನನ್ನ ಕೆಲಸ ಮೋಟಾರು ಮನೆಗೆ ನಡೆದು ಹೋಗುವುದು. ಒಂದೇ ಸಲಕ್ಕೆ ಬೇಡ ಎಂದಳು ಮೇಡಂ. ಮೊದಲ ವಾರ ಹಿತ್ತಿಲ ಬಾಗಿಲು ತೆಗೆದು ನಿಂತೆ. ಆಮೇಲೆ ಬೇವಿನ ಮರದವರೆಗೆ. ಬೇವಿನ ಮರದಿಂದ ಬದುವಿಗೆ ಮೂರು ತಿಂಗಳು ಹಿಡಿಯಿತು. ಮಳೆಗಾಲ ಬಂದಾಗಲೆಲ್ಲ ಮತ್ತೆ ಹಿತ್ತಿಲ ಬಾಗಿಲಿಗೇ ಬಂದು ನಿಲ್ಲುತ್ತಿದ್ದೆ; ಹೀಗೇ ವರ್ಷಗಳು ಹೋದವು. "ಹಿಂದಕ್ಕೆ ಬಂದೆ" ಎಂದು ಗುಂಪಿನಲ್ಲಿ ಹೇಳಿದಾಗ ರತ್ನಮ್ಮ, "ಬಾಗ್ಲು ತಗದಿದ್ದೆಯಲ್ಲ, ಇನ್ನೇನು?" ಎಂದಳು. ಎಲ್ಲ ವಾಸಿಯಾಯಿತು ಎಂದು ನಾನು ಬರೆಯುವುದಿಲ್ಲ. ಈಗಲೂ ಮೋಡ ಕಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅದು ಹೊಡೆದುಕೊಳ್ಳುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಒಂದು ಜಾಗವಿದೆ.

ಗುಂಪಿನಲ್ಲಿ ಎಷ್ಟು ಹೇಳಿಕೊಂಡರೂ ಒಂದು ಭಯ ಮಾತ್ರ ಉಳಿದೇ ಇತ್ತು. ನಿಮ್ಮಪ್ಪನಿಗೆ ಗೊತ್ತಾದರೆ? ಅಪ್ಪನನ್ನು ಎಬ್ಬಿಸಿ ಕಳಿಸಿದವಳು ಇವಳೇ ಎಂದು ಅವನು ನನ್ನ ಮುಖ ನೋಡುವುದನ್ನು ಬಿಟ್ಟರೆ? ಅವನು ಈಗ ಮೊಬೈಲಿನಲ್ಲೇ ಮೋಟಾರು ಹಾಕುವ ಹೊಸ ಸ್ಟಾರ್ಟರ್ ಕೂರಿಸಿದ್ದಾನೆ. ಅದರ ಮಾತು ಬಂದಾಗೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವನೂ ಮಾತು ತಿರುಗಿಸುತ್ತಿದ್ದ. ನನ್ನ ಮನಸ್ಸು ನೋಯಬಾರದೆಂದು ಹಾಗೆ ಮಾಡುತ್ತಾನೆ ಎಂದುಕೊಂಡಿದ್ದೆ.

ಹೋದ ಭಾನುವಾರ ಬದು ದಾಟಿ ಮೋಟಾರು ಮನೆಯ ಮೆಟ್ಟಿಲವರೆಗೂ ಹೋದೆ. ನಿಮ್ಮಪ್ಪ ಅಲ್ಲಿ ಪೈಪು ಕಟ್ಟುತ್ತಿದ್ದ. ನನ್ನನ್ನು ನೋಡಿ ಕೈಯಲ್ಲಿದ್ದ ಹಗ್ಗ ಬಿಟ್ಟ. ನಾನು ಮೆಟ್ಟಿಲ ಮೇಲೆ ಕೂತು, ಅವನ ಮುಖ ನೋಡದೆ, ಕಾಫಿಯ ಸಂಗತಿ ಹೇಳಿದೆ.

ಅವನು ಬಂದು ಪಕ್ಕದಲ್ಲಿ ಕೂತ. "ಅವ್ವಾ, ಸ್ಟಾರ್ಟರ್ ಡಬ್ಬಿ ಅರ್ತ್ ತಂತಿ ಕಿತ್ತೋಗದೆ, ಸರಿಮಾಡ್ಸಲಾ ಅಂತ ಅಪ್ಪ ಒಂದು ವಾರದಿಂದ ಹೇಳ್ತಿತ್ತು. ನಾಳೆ, ನಾಳೆ ಅಂತಿದ್ದೆ ನಾನು" ಎಂದ.

"ಆರು ವರ್ಷದಿಂದ ಒಬ್ನೇ ಹೊತ್ಕಂಡಿದ್ಯಾ ಇದ್ನ?" ಎಂದೆ.

"ನೀನು?"

ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆಯ ಸಾರು. ನಡುವೆ ಒಂದು ಗೋಡೆಯಷ್ಟೂ ದೂರವಿಲ್ಲದೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ, ಒಬ್ಬರಿಗೊಬ್ಬರು ಹೆದರುತ್ತ ಇದ್ದೆವು. ಅವನ ತಲೆ ನನ್ನ ತೊಡೆಯ ಮೇಲೆ ಬಿತ್ತು. ಚಿಕ್ಕವನಿದ್ದಾಗಲೂ ಅವನು ಹಾಗೆ ಅತ್ತದ್ದು ನಾನು ಕಂಡಿಲ್ಲ.

ಅಷ್ಟರಲ್ಲಿ ನೀವಿಬ್ಬರೂ ಕಬ್ಬು ಜಗಿಯುತ್ತ ಬಂದಿರಿ. "ಏನಾಯ್ತು ಅಜ್ಜಿ? ಅಪ್ಪ ಯಾಕೆ ಅಳ್ತಾವ್ನೆ?" ಎಂದು ಕೇಳಿದಿರಿ. ನಾವಿಬ್ಬರೂ ಒಟ್ಟಿಗೆ, "ಏನಿಲ್ಲ" ಎಂದೆವು.

ಅದು ಸುಳ್ಳು ಮಕ್ಕಳೇ. ಈ ಮನೆಯಲ್ಲಿ ಇನ್ನು ಮೇಲೆ ಯಾರಾದರೂ ಅಳುವುದನ್ನು ಕಂಡು ನೀವು ಏನಾಯಿತು ಎಂದು ಕೇಳಿದರೆ, ಏನಾಯಿತೋ ಅದನ್ನೇ ಹೇಳುತ್ತೇವೆ. ಮೊದಲನೆಯದನ್ನು ಇದೋ, ಇಲ್ಲಿ ಬರೆದು ಹೇಳಿದ್ದೇನೆ.